ಸತ್ತ ಮೇಲೆ ಮಾಲಕನ ಮೆಟ್ಟು

ನಮ್ಮ ಕೇರಿಯ ಹುಡುಗ ಮೋಟಾರ್ ಸೈಕಲ್ ಮೇಲಿಂದ ಬಿದ್ದು ಸತ್ತರೆ ಊರಿನ ಬಾಯಿಂದ ಮೊದಲು ಎರಡು ಪ್ರಶ್ನೆ ಬರುತ್ತವೆ. ‘ಕುಡದಿದ್ದನೇನು?’ ಎಂಬುದು ಒಂದು. ‘ಗಾಡಿ ಯಾರ್ದು?’ ಎಂಬುದು ಇನ್ನೊಂದು. ಸತ್ತವನಿಗೆ ಎಷ್ಟು ಮಕ್ಕಳು, ನಾಳೆ ಅವನ ಮನೆಯಲ್ಲಿ ಒಲೆ ಉರಿಯುವುದೋ ಇಲ್ಲವೋ ಎಂದು ಕೇಳುವವರು ಬಂದರೆ ಆಮೇಲೆ ಬರುತ್ತಾರೆ. ಮೊದಲನೆಯ ಪ್ರಶ್ನೆ ಜಾತಿಯ ಬಾಯಿಂದ ಬರುತ್ತದೆ, ಎರಡನೆಯದು ಆಸ್ತಿಯ ಬಾಯಿಂದ. ಕಾನೂನು ಎರಡನೆಯದನ್ನೇ ಎತ್ತಿಕೊಂಡು ಕೋರ್ಟಿನ ಭಾಷೆಯಲ್ಲಿ ಕೇಳುತ್ತದೆ. ನಮ್ಮ ಜಗಳ ಆ ಪ್ರಶ್ನೆಯ ಜತೆಗೆ.

ನಾವು ಮಾತಾಡುತ್ತಿರುವುದು ಗದಗ ಜಿಲ್ಲೆಯ ಇಟಗಿಯ ಸುತ್ತಲಿನ ಸೀಮೆಯ ಬಗ್ಗೆ. ಕೊಪ್ಪಳದ ಕಡೆಯ ಮಹಾದೇವ ಗುಡಿಯ ಇಟಗಿಯಲ್ಲ, ಇದು ಭೀಮವ್ವನ ಇಟಗಿ. ಇಲ್ಲಿಂದ ರೋಣದ ಕಚೇರಿಗೆ, ಗಜೇಂದ್ರಗಡದ ಸಂತೆಗೆ, ಗದಗಿನ ದವಾಖಾನೆಗೆ ಹೋಗಬೇಕು. ಬಸ್ಸು ಬಂದರೆ ಬಸ್ಸು, ಬರದಿದ್ದರೆ ಯಾರದೋ ಗಾಡಿ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಂಗಳೂರಿಗೋ ಗುಳೆ. ಅಲ್ಲಿಯೂ ಗುತ್ತಿಗೆದಾರನ ಗಾಡಿ. ಗಾಡಿ ಇಲ್ಲದವನು ಗಾಡಿ ಇದ್ದವನ ಕೆಲಸಕ್ಕೆ ಗಾಡಿ ಹತ್ತುತ್ತಾನೆ: ಟ್ರ್ಯಾಕ್ಟರಿಗೆ ಡೀಸೆಲ್ ತರಲು, ಗೊಬ್ಬರದ ಅಂಗಡಿಗೆ ಚೀಟಿ ಮುಟ್ಟಿಸಲು, ಸಾಹುಕಾರನ ಬೀಗರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು. ಆ ಗಾಡಿಯ ಮೇಲೆ ಅವನು ಸತ್ತರೆ ಏನಾಗುತ್ತದೆ?

ಉತ್ತರಕ್ಕೆ ಬಹಳ ದೂರ ಹೋಗಬೇಕಿಲ್ಲ. ಗಜೇಂದ್ರಗಡದ ಆಚೆಗೆ ಇಳಕಲ್-ಕುಷ್ಟಗಿ ಹೆದ್ದಾರಿ ಇದೆ. ಒಬ್ಬ ಮನುಷ್ಯ ಬೇರೆಯವರ ಹೀರೋ ಹೋಂಡಾ ಎರವಲು ತೆಗೆದುಕೊಂಡು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡ ಎತ್ತಿನ ಬಂಡಿ ಹೋಗುತ್ತಿತ್ತು. ಬಂಡಿ ಒಮ್ಮೆಲೇ ನಿಂತಿತು. ಇವನು ಹೋಗಿ ಬಡಿದ, ಸತ್ತ. ಮನೆಯವರು ಪರಿಹಾರ ಕೇಳಿದರು. ಟ್ರಿಬ್ಯುನಲ್ ಕೊಟ್ಟಿತು. ವಿಮಾ ಕಂಪನಿ ಹೈಕೋರ್ಟಿಗೆ ಹೋಯಿತು, ಹೈಕೋರ್ಟು ಕಸಿದುಕೊಂಡಿತು. ಕೇಸು ದಿಲ್ಲಿ ಮುಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಎರವಲು ಗಾಡಿ ಓಡಿಸಿದವನು ಮಾಲಕನ ಮೆಟ್ಟಿನಲ್ಲಿ ಕಾಲಿಟ್ಟವನು. ಮಾಲಕ ತನ್ನಿಂದ ತಾನೇ ಪರಿಹಾರ ಪಡೆಯಲಾರ. ಆದ್ದರಿಂದ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಕಲಂ ಇವನ ಮನೆಯವರಿಗೆ ಸಿಗದು. ಬೇರೆ ಕಲಂ ಅಡಿ ಏನಾದರೂ ದಕ್ಕುತ್ತದೋ ನೋಡಿ ಎಂದು ಕೇಸನ್ನು ಮತ್ತೆ ಹೈಕೋರ್ಟಿಗೇ ಕಳಿಸಿತು.

ಆ ತೀರ್ಪು ಗುಡೂರಿನ ಒಂದು ಮನೆಗೆ ನಿಲ್ಲಲಿಲ್ಲ. ಅಂದಿನಿಂದ ಈ ದೇಶದ ಯಾವ ಮೂಲೆಯಲ್ಲಿ ಎರವಲು ಗಾಡಿಯವನು ಸತ್ತರೂ ವಿಮಾ ಕಂಪನಿಯ ವಕೀಲ ಇಳಕಲ್ಲಿನ ಈ ಕೇಸನ್ನೇ ಎತ್ತಿ ಹಿಡಿಯುತ್ತಾನೆ.

ಮಾಲಕನ ಮೆಟ್ಟು! ಈ ಇಂಗ್ಲಿಷ್ ನುಡಿಗಟ್ಟು ಬಳಸುವ ವಕೀಲರಿಗೆ ಮೆಟ್ಟು ಬರೀ ಮಾತು. ನಮಗೆ ಹಾಗಲ್ಲ. ಮೆಟ್ಟು ಹೊಲಿದವರು ನಾವು. ಹೊಲಿದ ಮೆಟ್ಟನ್ನು ಮೆಟ್ಟಗೊಡದೆ, ಮೇಲಿನ ಓಣಿ ಬಂದಾಗ ಕೈಯಲ್ಲಿ ಹಿಡಿದು ನಡೆಯಿರಿ ಅನ್ನಿಸಿಕೊಂಡವರೂ ನಾವೇ. ಕಲ್ಯಾಣದ ಹರಳಯ್ಯ ತನ್ನ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಮೆಟ್ಟು ಹೊಲಿದನೆಂದು ನಾಡು ಇಂದಿಗೂ ಹೇಳುತ್ತದೆ. ಅದೇ ಹರಳಯ್ಯ, ಮಗನಿಗೆ ಮೇಲಿನ ಜಾತಿಯ ಹುಡುಗಿಯನ್ನು ತಂದುಕೊಂಡದ್ದಕ್ಕೆ ಎಳೆಹೂಟೆಗೆ ಸಿಕ್ಕು ಸತ್ತನೆಂಬುದನ್ನೂ ಹೇಳುತ್ತದೆ. ಬದುಕಿದ್ದಾಗ ಮಾಲಕನ ಪಡಸಾಲೆ ಹತ್ತದವನು ಸತ್ತ ಗಳಿಗೆಯಲ್ಲಿ ದಿಢೀರನೆ ಮಾಲಕನಾಗಿಬಿಡುತ್ತಾನೆ. ಈ ಮಾಲಕತನದ ಜತೆಗೆ ಹೊಲ ಬರುವುದಿಲ್ಲ, ಮನೆ ಬರುವುದಿಲ್ಲ, ಆ ಗಾಡಿ ಕೂಡ ಬರುವುದಿಲ್ಲ. ಬರುವುದು ನಷ್ಟ ಒಂದೇ.

ಇರಲಿ, ಅವರ ತರ್ಕವನ್ನೇ ಹಿಡಿಯೋಣ. ಮಾಲಕ ತಾನೇ ಓಡಿಸುವಾಗ ಸತ್ತರೆ ಅವನಿಗೆಂದು ವೈಯಕ್ತಿಕ ಅಪಘಾತ ವಿಮೆ ಉಂಟು. 2018ರಲ್ಲಿ ವಿಮಾ ಪ್ರಾಧಿಕಾರ ಅದನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಮೆಟ್ಟು ಮಾಲಕನದಾದರೆ ಆ 15 ಲಕ್ಷವೂ ಮೆಟ್ಟಿದವನದೇ ಆಗಬೇಕಲ್ಲ? ಅಲ್ಲಿ ಕಂಪನಿ ಮಾತು ತಿರುಗಿಸುತ್ತದೆ: ಅದು ಆರ್‌ಸಿ ಪುಸ್ತಕದಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲಕನಿಗೆ ಮಾತ್ರ! 2020ರಲ್ಲಿ ರಾಜಸ್ಥಾನದ ಇಂಥದೇ ಮೋಟಾರ್ ಸೈಕಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಆ ಪಾಲಿಸಿಯಲ್ಲಿದ್ದ ವೈಯಕ್ತಿಕ ವಿಮೆಯ 1 ಲಕ್ಷ ರೂಪಾಯಿ ಮಾತ್ರ ಕೊಡಿಸಿ ಕೈ ತೊಳೆದುಕೊಂಡಿತು. ಇನ್ನು ಹಿಂದೆ ಕೂತವನ ಗತಿ? ಮಾಲಕ ಬರೀ ಕಡ್ಡಾಯದ ಅಗ್ಗದ ಪಾಲಿಸಿ ಮಾಡಿಸಿದ್ದರೆ, ಹಿಂದೆ ಕೂತು ಸತ್ತವನಿಗೆ ಆ ಗಾಡಿಯ ವಿಮಾ ಕಂಪನಿ ಜವಾಬ್ದಾರಿಯಲ್ಲ ಎಂದು 2006ರಲ್ಲೇ ತೀರ್ಪಾಗಿದೆ. ಮುಂದೆ ಕೂತವನು ಮಾಲಕ, ಹಿಂದೆ ಕೂತವನು ಪುಕ್ಕಟೆ ಸವಾರ. ಹಾಗಾದರೆ ಆ ಗಾಡಿಯ ಮೇಲೆ ಮನುಷ್ಯರು ಯಾರೂ ಇರಲಿಲ್ಲವೇನು?

ಈಗ ಕೋರ್ಟಿನಲ್ಲೇ ಬಿರುಕು ಕಂಡಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಳಕಲ್ ಕೇಸಿನ ಈ ತರ್ಕದ ಬಗ್ಗೆಯೇ ಸಂಶಯ ಎತ್ತಿ, ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದರು. ದೊಡ್ಡ ಪೀಠ ಏನು ಹೇಳುತ್ತದೋ ಎಂದು ಬಾಯಿ ಬಿಟ್ಟುಕೊಂಡು ಕೂರುವುದು ನಮ್ಮ ಕೆಲಸವಲ್ಲ. ಊರಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ:

ಕೇಳಿ ಒಯ್ದನೋ, ಹೇಳಿ ಕಳಿಸಿದರೋ?

ಗೆಳೆಯರೇ, ಇದನ್ನು ಬರೆದಿಟ್ಟುಕೊಳ್ಳಿ. ಬೆಳಗ್ಗೆ ‘ಏ, ಗಾಡಿ ತಗೊಂಡ್ ಹೋಗಿ ಡೀಸೆಲ್ ತಾ’ ಎಂದ ಬಾಯಿ, ಸಂಜೆ ಹೆಣ ಬಿದ್ದ ಮೇಲೆ ‘ನನಗ ಗೊತ್ತಿಲ್ರಿ, ಕೇಳಿ ಒಯ್ದಿದ್ದ’ ಅನ್ನುತ್ತದೆ. ಆ ಒಂದು ಮಾತಿನಲ್ಲಿ ಆಳು ಹೋಗಿ ಎರವಲುಗಾರನಾದ. ಮಾಲಕನ ಕೆಲಸದ ಮೇಲೆ ಸತ್ತವನು ಕಾರ್ಮಿಕ. ಕಾರ್ಮಿಕನ ಸಾವಿಗೆ 1923ರಿಂದಲೇ ಪರಿಹಾರದ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅಲ್ಲಿ ತಪ್ಪು ಯಾರದೆಂಬ ಪಂಚಾಯ್ತಿ ಇಲ್ಲ, ಕೆಲಸದಲ್ಲಿದ್ದನೇ ಎಂಬುದೇ ಮುಖ್ಯ. ಅದಕ್ಕೇ ‘ಕೇಳಿ ಒಯ್ದ’ ಎಂಬ ಮಾತು ಅಷ್ಟು ಬೇಗ ಹುಟ್ಟುತ್ತದೆ. ಪೊಲೀಸರು ಅದನ್ನೇ ಬರೆದುಕೊಳ್ಳುತ್ತಾರೆ. ಅದರ ಕೆಳಗೆ ನಮ್ಮವ್ವ ಹೆಬ್ಬೆಟ್ಟು ಒತ್ತುತ್ತಾಳೆ. ಓದಿ ಹೇಳುವವರಿಲ್ಲದೆ ಒತ್ತಿದ ಆ ಹೆಬ್ಬೆಟ್ಟು ಆಮೇಲೆ ಧಾರವಾಡದ ಪೀಠದ ತನಕ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಇನ್ನು ಲೆಕ್ಕ. ಎದುರಿನ ಲಾರಿಯದೇ ತಪ್ಪು, ವಿಮೆಯೂ ಇದೆ ಎಂದುಕೊಳ್ಳಿ. ಆಗಲಾದರೂ ಸರಿಯಾದ ದುಡ್ಡು ಬರುತ್ತದೋ? ಅದಕ್ಕೊಂದು ಸೂತ್ರವಿದೆ. 2009 ಮತ್ತು 2017ರ ತೀರ್ಪುಗಳು ಅದನ್ನು ಗಟ್ಟಿ ಮಾಡಿವೆ. ಸತ್ತವನ ತಿಂಗಳ ಆದಾಯಕ್ಕೆ, ವಯಸ್ಸು 40ರೊಳಗಿದ್ದು ಕೂಲಿನಾಲಿಯವನಾದರೆ, ಶೇಕಡಾ 40 ಸೇರಿಸಬೇಕು. ನಂಬಿದವರು ನಾಲ್ಕರಿಂದ ಆರು ಜನ ಇದ್ದರೆ, ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು. ವರ್ಷದ ಲೆಕ್ಕ ಮಾಡಿ ವಯಸ್ಸಿನ ಗುಣಕದಿಂದ ಗುಣಿಸಬೇಕು. 26ರಿಂದ 30ರವರೆಗೆ ಗುಣಕ 17, 36ರಿಂದ 40ರವರೆಗೆ 15.

ಲೆಕ್ಕಕ್ಕಾಗಿ 29 ವರ್ಷದವನೊಬ್ಬನನ್ನು ಇಟ್ಟುಕೊಳ್ಳೋಣ. ಹೆಂಡತಿ, ತಾಯಿ, ಎರಡು ಮಕ್ಕಳು. ತಿಂಗಳಿಗೆ 12,000 ದುಡಿಯುತ್ತಿದ್ದನೆಂದು ಕೋರ್ಟು ಒಪ್ಪಿದರೆ ವರ್ಷಕ್ಕೆ 1,51,200, ಒಟ್ಟು 25,70,400 ರೂಪಾಯಿ. ‘ಪುರಾವೆ ಇಲ್ಲ, 8,000 ಸಾಕು’ ಎಂದರೆ 17,13,600. ತಿಂಗಳ 4,000 ರೂಪಾಯಿ ಪುರಾವೆ ಇಲ್ಲದ್ದಕ್ಕೆ ಆ ಮಕ್ಕಳು ಕಳೆದುಕೊಂಡದ್ದು 8,56,800. ಇನ್ನೊಂದು ನೋಡಿ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಅಂದಾಜಿನ ಮೇಲೆ ‘ಸುಮಾರು 36’ ಎಂದು ಬಿದ್ದರೆ, ಗುಣಕ 17 ಇದ್ದದ್ದು 15 ಆಗುತ್ತದೆ. 12,000ದ ಲೆಕ್ಕದಲ್ಲೇ 3,02,400 ಹೋಯಿತು. ಬಿಸಿಲಲ್ಲಿ ದುಡಿದು ದುಡಿದು ಮುಖ ಮಾಗಿದ್ದಕ್ಕೂ ದಂಡ! ಹಳ್ಳಿಯ ಮಾಸ್ತರರೇ, ಇದು ನಿಮಗೆ ಹೇಳುವ ಮಾತು. ನಿಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹುಟ್ಟಿದ ತಾರೀಖು ಇದೆ. ಆ ಒಂದು ದಾಖಲೆ ಬರೆದುಕೊಡುವುದು ಸಂತಾಪ ಸಭೆಯ ಹತ್ತು ಭಾಷಣಕ್ಕಿಂತ ದೊಡ್ಡದು.

ನೌಕರನಿಗೆ ಸಂಬಳದ ಚೀಟಿ ಇದೆ. ನಮ್ಮವನಿಗೆ ಚೀಟಿ ಕೊಡದೆ ದುಡಿಸಿಕೊಂಡವರು ಯಾರು? ದುಡಿಸಿಕೊಂಡವನು ಲೆಕ್ಕ ಇಡಲಿಲ್ಲ. ಆದರೆ ಲೆಕ್ಕವಿಲ್ಲದ್ದಕ್ಕೆ ಶಿಕ್ಷೆ ದುಡಿದವನ ಮಕ್ಕಳಿಗೆ. ಪುರಾವೆ ಇಲ್ಲದವರಿಗೆಂದು ರಾಜ್ಯದ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ, ಹೈಕೋರ್ಟೂ ಅದನ್ನು ಬಳಸುತ್ತದೆ. ಆದರೆ ಅದು ರಾಜಿಗೆಂದು ಹುಟ್ಟಿದ ಪಟ್ಟಿ. ಅದನ್ನು ನಮ್ಮ ದುಡಿಮೆಯ ಕೊನೆಯ ಬೆಲೆಯೆಂದು ನಾವು ಒಪ್ಪಬೇಕಿಲ್ಲ.

ಮದುವೆಯಾಗದ ಹುಡುಗ ಸತ್ತರೆ ಅರ್ಧ ಭಾಗ ಕಳೆಯುತ್ತಾರೆ, ಅವನು ಅರ್ಧ ದುಡ್ಡು ತನಗೇ ಖರ್ಚು ಮಾಡುತ್ತಿದ್ದನೆಂದು. ಗೋವಾದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ, ಅನ್ನ ಸಾರು ಉಂಡು, ಉಳಿದದ್ದೆಲ್ಲ ಅವ್ವನಿಗೆ ಕಳಿಸುವ ಹುಡುಗರನ್ನು ಈ ಲೆಕ್ಕ ಕಂಡಿಲ್ಲ. ವಿಧವೆ ತಾಯಿ, ದುಡಿಯದ ತಮ್ಮ ತಂಗಿಯರು ಬಹಳ ಜನ ಇದ್ದರೆ ಮೂರನೆಯ ಒಂದು ಭಾಗ ಮಾತ್ರ ಕಳೆಯಬಹುದೆಂದು ಅದೇ 2009ರ ತೀರ್ಪಿನಲ್ಲಿದೆ. ಅದನ್ನು ಎತ್ತಿ ಹೇಳುವ ವಕೀಲ ಬೇಕು.

ಹೆಣ್ಣುಮಗಳು ಸತ್ತರೆ? 1994ರಲ್ಲಿ ಕಾಯ್ದೆಗೆ ಸೇರಿಸಿದ ಪಟ್ಟಿಯಲ್ಲಿ ದುಡಿಮೆ ಇಲ್ಲದವರ ಬೆಲೆ ವರ್ಷಕ್ಕೆ 15,000 ರೂಪಾಯಿ ಇತ್ತು, ದುಡಿಮೆಯಿಲ್ಲದ ಹೆಂಡತಿಯದು ಗಂಡನ ಆದಾಯದ ಮೂರನೆಯ ಒಂದು ಭಾಗ. ಮನೆಗೆಲಸವೂ ದುಡಿಮೆಯೇ, ಅದಕ್ಕೆ ಆದಾಯ ಕಟ್ಟಲೇಬೇಕು ಎಂದು ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ಬಿಡಿಸಿ ಹೇಳಿತು. ಆದರೆ ನಮ್ಮ ಹೆಂಗಸರು ಮನೆಗೆಲಸ ಒಂದನ್ನೇ ಮಾಡುತ್ತಾರೇನು? ಹತ್ತಿ ಬಿಡಿಸುವವರು ಯಾರು, ಶೇಂಗಾ ಕೀಳುವವರು ಯಾರು? ಪೊಲೀಸ್ ಕಾಗದದಲ್ಲಿ ಮಾತ್ರ ‘ಉದ್ಯೋಗ: ಮನೆಗೆಲಸ’. ಆ ಎರಡು ಶಬ್ದದಲ್ಲಿ ಹೊಲದ ಕೂಲಿ ಪೂರಾ ಮುಚ್ಚಿಹೋಗುತ್ತದೆ.

‘ಇವರಿಗೆ ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ, ಮೂರು ಮೂರು ಜನ ಕೂಡ್ತಾರ, ಮ್ಯಾಲೆ ರೊಕ್ಕ ಬೇರೆ ಬೇಕು’ ಅನ್ನುವವರಿದ್ದಾರೆ. ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ನಮ್ಮ ಹುಡುಗರಿಗೆ ಇದನ್ನು ನಾವೇ ಹೇಳಬೇಕು, ಹೇಳುತ್ತೇವೆ. ಆದರೆ ಮೂವರು ಕೂತದ್ದೇ ತಪ್ಪೆಂದು ಪರಿಹಾರ ಕಡಿಯಬಾರದು, ಅಪಘಾತಕ್ಕೆ ಅದೇ ಕಾರಣವೆಂದು ತೋರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ರೊಕ್ಕದ ಮಾತು. ಇದು ಯಾರ ಕಿಸೆಯ ಧರ್ಮವೂ ಅಲ್ಲ. ರಸ್ತೆಗಿಳಿಯುವ ಪ್ರತಿ ಗಾಡಿಗೂ ವಿಮೆ ಕಡ್ಡಾಯ ಮಾಡಿ, ಸಾಯುವವರ ಹೆಸರಿನಲ್ಲೇ ಕೂಡಿಸಿದ ದುಡ್ಡು ಇದು. ಸುಳ್ಳು ಕೇಸುಗಳ ಮಾತನ್ನೂ ಎತ್ತುತ್ತಾರೆ. ಇಲ್ಲದ ಗಾಡಿ ಹುಟ್ಟಿಸುವುದು, ದವಾಖಾನೆಯ ಬಾಗಿಲಲ್ಲಿ ಹೆಣಕ್ಕೆ ಕಾದು ಕೂರುವುದು ದಲ್ಲಾಳಿಗಳ ಧಂದೆ. ಆ ಧಂದೆಯಲ್ಲಿ ಎಲ್ಲರಿಗಿಂತ ಕಡಿಮೆ ದಕ್ಕುವುದು ವಿಧವೆಗೇ.

ಗಡುವಿನ ಮೋಸವೂ ಇದೆ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಮೊದಲಿತ್ತು. 1994ರಲ್ಲಿ ಅದನ್ನು ತೆಗೆದರು. ಕಾಲು ಶತಮಾನ ಕಳೆದ ಮೇಲೆ, 2019ರ ತಿದ್ದುಪಡಿಯ ಮೂಲಕ, 2022ರ ಏಪ್ರಿಲ್ 1ರಿಂದ ಮತ್ತೆ ತಂದು ಕೂರಿಸಿದರು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರವನ್ನು ನಂಬಿ ಕೂಡಬೇಡಿ. ಆರು ತಿಂಗಳೊಳಗೆ ಹಾಕಿರಿ.

ಸಂಘಟನೆಯ ಹುಡುಗರು ಮಾಡಬೇಕಾದ್ದು ಇಷ್ಟು. ಸಾವಿನ ಮನೆಗೆ ಹೂವಿನ ಹಾರ ಒಯ್ಯುವ ಮೊದಲು ಒಂದು ನೋಟ್‌ಬುಕ್ ಒಯ್ಯಿರಿ. ಯಾರು ಎಲ್ಲಿಗೆ ಕಳಿಸಿದರು, ಯಾವ ಕೆಲಸಕ್ಕೆ, ಕೇಳಿದವರು ಯಾರು, ಅಂದೇ ಬರೆದುಕೊಳ್ಳಿ. ಓದಿ ಹೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೀಳದಿರಲಿ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಟ್ರಿಬ್ಯುನಲ್ಲಿಗೆ ಕೊಡಬೇಕೆಂದು 2022ರ ನಿಯಮವಿದೆ. ಕೊಟ್ಟರೋ ಎಂದು ಠಾಣೆಗೆ ಹೋಗಿ ಕೇಳಿರಿ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್, ಊರಿಗೆ ಹಣ ಕಳಿಸಿದ ದಾಖಲೆ ಎಲ್ಲ ಕೂಡಿಡಿ. ಗೋವಾದಲ್ಲಿ ಸತ್ತರೂ ಗೋವಾಕ್ಕೆ ಅಲೆಯಬೇಕಿಲ್ಲ. ಮನೆಯವರು ಇರುವ ಕಡೆಯ ಟ್ರಿಬ್ಯುನಲ್ಲಿನಲ್ಲೇ ಅರ್ಜಿ ಹಾಕಬಹುದು. ಬಡಿದ ಗಾಡಿ ಸಿಗದೆ ಓಡಿಹೋಗಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ. ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಇದನ್ನು ಬೇಡಬೇಡಿ, ಕೇಳಿ ತೆಗೆದುಕೊಳ್ಳಿ.

ಇನ್ನು ನಮ್ಮ ಹಕ್ಕೊತ್ತಾಯ. ಎರವಲು ಸವಾರನೂ ಹಿಂದೆ ಕೂತವನೂ ಕಡ್ಡಾಯ ವಿಮೆಯೊಳಗೆ ಬರಬೇಕು. ಸರಕಾರವೇ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಆದಾಯವನ್ನು ಯಾವ ಟ್ರಿಬ್ಯುನಲ್ಲೂ ಕಟ್ಟಬಾರದು, ಹೆಣ್ಣಿಗೂ ಅದೇ ಲೆಕ್ಕ. ಆರು ತಿಂಗಳ ಗಡುವು ಕಾಯ್ದೆಯಿಂದಲೇ ಹೋಗಬೇಕು.

1980ರ ಜುಲೈಯಲ್ಲಿ ನರಗುಂದ ನವಲಗುಂದದ ರೈತರು ಬಂಡೆದ್ದದ್ದು ಮಲಪ್ರಭೆಯ ನೀರು ಹರಿಯುವ ಮೊದಲೇ ಬಂದ ಕರದ ನೋಟೀಸಿನ ವಿರುದ್ಧ. ಬಾರದ ನೀರಿಗೆ ಕರ ಕಟ್ಟುವುದಿಲ್ಲ ಎಂದರು, ಗುಂಡು ತಿಂದರು. ಅದೇ ಸೀಮೆಯವರಾದ ನಾವು ಇಂದು ಹೇಳುತ್ತೇವೆ: ನಮ್ಮದಲ್ಲದ ಮಾಲಕತನಕ್ಕೆ ನಮ್ಮ ಮಕ್ಕಳ ಅನ್ನವನ್ನು ಕರವಾಗಿ ಕಟ್ಟುವುದಿಲ್ಲ. ಸತ್ತವನ ಕಾಲಿಗೆ ನೀವು ತೊಡಿಸಿದ ಆ ಮೆಟ್ಟನ್ನು ಕಳಚಿ ನಿಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಇಡುತ್ತೇವೆ. ಲೆಕ್ಕ ಕೊಡಿ.