ಒಂದು ತಾಲೂಕಿನಲ್ಲಿ ನೆಲೆಯೂರಲಿ

ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಅಹೋರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದೇ ಊರಿಗೆ ಮರಳಿದರು. ಆ ಹೋರಾಟ ಕಟ್ಟಿದ ಎಐಯುಟಿಯುಸಿ, ಎಸ್‌ಯುಸಿಐ (ಕಮ್ಯುನಿಸ್ಟ್) ಪಕ್ಷದ ಕಾರ್ಮಿಕ ಸಂಘಟನೆ. ವಿಜಯಪುರ ಜಿಲ್ಲೆಯಲ್ಲಿ ಹಾಸ್ಟೆಲ್, ಬಸ್ ಪಾಸ್, ವಿದ್ಯಾರ್ಥಿವೇತನಕ್ಕೆ ಬೀದಿಗಿಳಿಯುವ ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒ ಕೂಡ ಅದೇ ಬಳಗದ್ದು. ಇಷ್ಟು ದುಡಿಯುವ ಪಕ್ಷ 2024ರ ಲೋಕಸಭಾ ಚುನಾವಣೆಯಲ್ಲಿ ದೇಶದ 150ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ನಿಂತು ಒಂದನ್ನೂ ಗೆಲ್ಲಲಿಲ್ಲ. ಮತದಾರ ಈ ಪಕ್ಷವನ್ನು ತಿರಸ್ಕರಿಸಿದ್ದಾನೆ ಎಂದು ನನಗನಿಸುವುದಿಲ್ಲ. ಶಕ್ತಿಯನ್ನು ಎಲ್ಲೆಡೆ ಹಂಚಿಬಿಟ್ಟಿರುವುದೇ ದೋಷ.

ಅದೇ ವಿಜಯಪುರ ಜಿಲ್ಲೆಯ ಸಿಂದಗಿ ಕ್ಷೇತ್ರವನ್ನೇ ನೋಡಿ. ಗುತ್ತಿ ಬಸವಣ್ಣ ಏತ ನೀರಾವರಿ ಯೋಜನೆಗಾಗಿ ಚಪ್ಪಲಿ ಮೆಟ್ಟುವುದಿಲ್ಲವೆಂದು ಪಣ ತೊಟ್ಟ ಎಂ.ಸಿ. ಮನಗೂಳಿ 1994ರಲ್ಲಿ ಗೆದ್ದರು. ಮತ್ತೆ ಗೆಲ್ಲಲು 2018ರವರೆಗೆ ಕಾಯಬೇಕಾಯಿತು, ಆದರೆ ಅವರು ಕ್ಷೇತ್ರ ಬಿಟ್ಟು ಹೋಗಲಿಲ್ಲ. ಅವರ ನಿಧನದ ಬಳಿಕ 2021ರಲ್ಲಿ ನಡೆದ ಉಪಚುನಾವಣೆಯಲ್ಲಿ ಬಿಜೆಪಿಗೆ 93,865 ಮತ, ಕಾಂಗ್ರೆಸ್ ಸೇರಿದ ಅವರ ಮಗ ಅಶೋಕ ಮನಗೂಳಿಯವರಿಗೆ 62,680 ಮತ ಬಿದ್ದವು. ಮೂರು ವರ್ಷದ ಹಿಂದಷ್ಟೇ ಮನಗೂಳಿಯವರನ್ನು ಗೆಲ್ಲಿಸಿದ್ದ ಜೆಡಿಎಸ್‌ಗೆ ದಕ್ಕಿದ್ದು 4,353. ಜನ ನೆನಪಿಟ್ಟಿದ್ದು ಪಕ್ಷದ ಚಿಹ್ನೆಯನ್ನಲ್ಲ, ನೀರಿಗಾಗಿ ದಶಕಗಳ ಕಾಲ ಹೆಣಗಿದ ಮನೆತನವನ್ನು. ಎಸ್‌ಯುಸಿಐನ ಚರಿತ್ರೆಯೂ ಬೇರೆಯಲ್ಲ. ಪಶ್ಚಿಮ ಬಂಗಾಳದ ಜಯನಗರದಲ್ಲಿ ಗೇಣಿದಾರರ ನಡುವೆ ಬೇರುಬಿಟ್ಟಿದ್ದಕ್ಕೇ ಅದು 1977ರಿಂದ 2016ರವರೆಗೆ ಸತತವಾಗಿ ಆ ವಿಧಾನಸಭಾ ಕ್ಷೇತ್ರವನ್ನು ಉಳಿಸಿಕೊಂಡಿತು.

ಜಾತಿ, ಹಣದ ಮುಂದೆ ಬಡ ಪಕ್ಷದ ಆಟ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಮನಗೂಳಿಯವರಿಗಿದ್ದ ಸಮುದಾಯದ ಬಲ, ದೊಡ್ಡ ಪಕ್ಷದ ಆಸರೆ ಕಮ್ಯುನಿಸ್ಟರಿಗಿಲ್ಲ, ನಿಜ. ಆದರೆ ಬಾಗೇಪಲ್ಲಿಯಲ್ಲಿ ಜಾತಿಯೂ ಇತ್ತು, ಹಣವೂ ಇತ್ತು. ಅಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದರು, 2018ರಲ್ಲಿ ಸೋತಾಗಲೂ 51 ಸಾವಿರಕ್ಕೂ ಹೆಚ್ಚು ಮತ ಪಡೆದರು. ಅವರಿಲ್ಲದ 2023ರಲ್ಲಿ ಜೆಡಿಎಸ್ ಬೆಂಬಲವಿದ್ದೂ ಪಕ್ಷ ಮೂರನೆಯ ಸ್ಥಾನಕ್ಕಿಳಿಯಿತು. ನೆಲೆಯೂರಿದವರ ಜಾಗಕ್ಕೆ ಇನ್ನೊಬ್ಬರನ್ನು ಬೆಳೆಸದಿದ್ದರೆ ಹೀಗಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಚುನಾವಣೆ ನಮಗೆ ವಿಚಾರ ತಲುಪಿಸುವ ವೇದಿಕೆ, ಗೆಲುವು ಮುಖ್ಯವಲ್ಲ ಎಂಬ ಎಡಪಂಥೀಯರ ವಾದ ಪ್ರಾಮಾಣಿಕವಾದದ್ದೇ. ಆದರೆ ಧರಣಿಯಲ್ಲಿ ಜೊತೆಗೆ ಕೂತ ಆಶಾ ಕಾರ್ಯಕರ್ತೆ ಮತಗಟ್ಟೆಯಲ್ಲಿ ಬೇರೆ ಗುಂಡಿ ಒತ್ತುವುದು, ತನ್ನ ಓಟು ವ್ಯರ್ಥವಾಗಬಾರದೆಂದು. ಪಕ್ಷದ ಅಭ್ಯರ್ಥಿ ಸಿಂಧು ಮತಗಳ ಆರನೇ ಒಂದು ಭಾಗ ದಾಟದೆ ಠೇವಣಿ ಕಳೆದುಕೊಂಡಾಗಲೆಲ್ಲ ಅವಳ ಆ ಲೆಕ್ಕವೇ ಸರಿ ಎಂದು ರುಜುವಾತಾಗುತ್ತದೆ. ನಾಳೆ ಅವಳ ಮನವಿ ಪತ್ರ ಪಡೆಯುವ ಅಧಿಕಾರಿಗೂ ಆ ಸಂಖ್ಯೆ ಗೊತ್ತಿರುತ್ತದೆ.

ಆದ್ದರಿಂದ ಪಕ್ಷ ಸಿಂದಗಿಯನ್ನೋ ನೆರೆಯ ಇಂಡಿ ತಾಲೂಕನ್ನೋ ಆರಿಸಿಕೊಂಡು, ಕಾಲುವೆಯ ಕೊನೆಯಂಚಿನ ರೈತರು, ಕಬ್ಬಿನ ಬಾಕಿ, ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲೆ ಇವನ್ನೇ ಹಿಡಿದು ಇಪ್ಪತ್ತು ವರ್ಷ ಅಲ್ಲೇ ನಿಲ್ಲಬೇಕು. ಇಂಥ ಪಕ್ಷಕ್ಕೆ ಮೊದಲ ಮೆಟ್ಟಿಲಾಗಬೇಕಾದ ತಾಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ಸರ್ಕಾರಗಳು ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದವು. ಸಣ್ಣ ಪಕ್ಷಗಳು ಮೊದಲು ಬೀದಿಗಿಳಿಯಬೇಕಾದದ್ದು ಈ ಚುನಾವಣೆಗಾಗಿ.