ಎಂಜಿನ್ ತಣ್ಣಗಿದ್ದರೆ ಒಳ್ಳೆಯದೇ?

ಖರ್ಚಿಲ್ಲದೆ ಎಂಜಿನಿನ ಶಕ್ತಿ ಹೆಚ್ಚಿಸುವ ಉಪಾಯ ಉಂಟು ಅಂತ ಯಾರಾದರೂ ಹೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಏರ್ ಫಿಲ್ಟರ್ ತೆಗೀರಿ, ಗಾಳಿ ಸಲೀಸಾಗಿ ಹೋಗ್ತದೆ. ಸೈಲೆನ್ಸರಿನ ಒಳಗಿನ ತಗಡು ಕೀಳಿ, ಹೊಗೆ ಸಲೀಸಾಗಿ ಬರ್ತದೆ. ಥರ್ಮೋಸ್ಟ್ಯಾಟ್ ಬಿಸಾಡಿ, ಎಂಜಿನ್ ತಣ್ಣಗಿರ್ತದೆ. ಎಲ್ಲವೂ ಕೀಳುವ ಕೆಲಸಗಳೇ! ಕೀಳಲು ದುಡ್ಡು ಬೇಡವಲ್ಲ, ಅದಕ್ಕೇ ಇವು ಪುಕ್ಕಟೆ. ನನ್ನ ಅನುಭವದಲ್ಲಿ ಪುಕ್ಕಟೆ ಸುಧಾರಣೆ ಅಂದರೆ ಕಿತ್ತದ್ದನ್ನು ಮರಳಿ ಹಾಕುವುದು, ಕೊಳೆ ತೆಗೆಯುವುದು. ಅದರಿಂದಾಚೆಗಿನದ್ದು ಹೆಚ್ಚಿನಂಶ ಬಾಯಿಮಾತು.

ನಮ್ಮಲ್ಲಿರುವುದು ಸೆಕೆಂಡ್ ಹ್ಯಾಂಡ್ ಓಮ್ನಿ, 2009ರದ್ದು. ಬಾಳೆಗೊನೆ, ಹಿಂಡಿ, ಗೊಬ್ಬರ, ಮದುವೆಗೆ ಹೋಗುವ ನೆಂಟರು, ಎಲ್ಲ ಅದರಲ್ಲೇ. ಒಂದು ಏಪ್ರಿಲಿನಲ್ಲಿ ಘಾಟಿ ಹತ್ತುವಾಗ ನೀರು ಕುದಿಯಿತು. ವರ್ಕ್‌ಶಾಪಿನಲ್ಲಿ "ಇದೊಂದು ದಂಡದ ಸಾಮಾನು, ನಮ್ಮ ಸೆಕೆಗೆ ಬೇಡವೇ ಬೇಡ" ಅಂತ ಥರ್ಮೋಸ್ಟ್ಯಾಟ್ ತೆಗೆದು ಕೈಗೆ ಕೊಟ್ಟರು. ಕುದಿಯುವುದು ಕಡಿಮೆಯಾಯಿತು. ನಾನೂ ಖುಷಿಪಟ್ಟೆ.

ಮರುವರ್ಷ ಪೆಟ್ರೋಲಿನ ಲೆಕ್ಕ ತಾಳೆಯಾಗದೆ ಪುಸ್ತಕದಲ್ಲಿ ಬರೆದಿಡಲು ತೊಡಗಿದೆ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರ್ ಓದುವುದು, ಮುಂದಿನ ಸಲ ಪುನಃ ಪೂರ್ತಿ ತುಂಬಿಸಿ ಓಡಿದ ಕಿಲೋಮೀಟರನ್ನು ತುಂಬಿದ ಲೀಟರಿನಿಂದ ಭಾಗಿಸುವುದು. ಸಿಕ್ಕಿದ್ದು ಲೀಟರಿಗೆ ಹನ್ನೊಂದೂವರೆ. ಬಿಸಿ ತೋರಿಸುವ ಮುಳ್ಳು ಯಾವಾಗಲೂ ತಳದಲ್ಲೇ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮೊಸರಿನ ಹಾಗೆ ಬಿಳಿ ಜಿಡ್ಡು. (ಹೆಡ್ ಗ್ಯಾಸ್ಕೆಟ್ ಹೋದರೂ ಹೀಗೆ ಆಗುವುದುಂಟು. ಆದರೆ ನಮ್ಮದರಲ್ಲಿ ರೇಡಿಯೇಟರಿನ ನೀರು ಕಡಿಮೆಯಾಗುತ್ತಿರಲಿಲ್ಲ.)

ಥರ್ಮೋಸ್ಟ್ಯಾಟ್ ಅಂದರೆ ನೀರಿನ ದಾರಿಯಲ್ಲಿ ಕೂತ ಒಂದು ಬಾಗಿಲು. ಒಳಗೆ ಮೇಣ ಇರ್ತದೆ. ಸುಮಾರು 82 ಡಿಗ್ರಿಯಾದಾಗ ಮೇಣ ಕರಗಿ ಉಬ್ಬಿ ಬಾಗಿಲು ತೆರೆಯುತ್ತದೆ. ಅಲ್ಲಿವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ ಬೇಗ ಬಿಸಿಯೇರುತ್ತದೆ. ಬಾಗಿಲೇ ಇಲ್ಲದಿದ್ದರೆ? ನಮ್ಮ ಓಡಾಟವೆಲ್ಲ ಐದಾರು ಕಿಲೋಮೀಟರಿನದ್ದು. ಎಂಜಿನ್ ಬಿಸಿಯಾಗುವುದರೊಳಗೆ ಸೊಸೈಟಿ ಬಂತು, ಬಂದ್ ಮಾಡಿದ್ದಾಯಿತು. ಇಂಜೆಕ್ಷನ್ ಇರುವ ಗಾಡಿಯಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಲೇ ಇರುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದು ಕೆಳಗಿಳಿದು ಆಯಿಲನ್ನು ತೆಳು ಮಾಡುತ್ತದೆ. ಆಯಿಲಿಗೆ ಸೇರಿದ ನೀರಾವಿ ಆರಿಹೋಗುವಷ್ಟು ಬಿಸಿ ಆಗುವುದೇ ಇಲ್ಲ. ಬಿಳಿ ಜಿಡ್ಡು ಅದೇ. ಅಂದರೆ ತಣ್ಣಗಿನ ಎಂಜಿನ್ ಆರಾಮವಾಗಿಲ್ಲ, ಸವೆಯುತ್ತಾ ಇದೆ!

ಕಿತ್ತ ಸಾಮಾನು ಪುಣ್ಯಕ್ಕೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಪೇಪರಿನಲ್ಲಿ ಸುತ್ತಿಟ್ಟದ್ದಿತ್ತು. ಅದು ನಿಜವಾಗಿಯೂ ಕೆಟ್ಟಿದೆಯೇ ಅಂತ ನೋಡಲು ಒಂದು ಹಳೆ ಪಾತ್ರೆ ಸಾಕು. ನೀರಿನಲ್ಲಿ ನೂಲು ಕಟ್ಟಿ ಇಳಿಬಿಟ್ಟು ಒಲೆ ಉರಿಸಿ. ನೀರು ಕುದಿ ಬರುವ ಮೊದಲೇ ಬಾಗಿಲು ತೆರೆಯಬೇಕು, ಹೊರಗಿಟ್ಟರೆ ಮುಚ್ಚಿಕೊಳ್ಳಬೇಕು. ನಮ್ಮದು ಚೆಂದಕ್ಕೆ ತೆರೆಯಿತು, ಚೆಂದಕ್ಕೆ ಮುಚ್ಚಿತು. (ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.)

ಹಾಗಾದರೆ ಘಾಟಿಯಲ್ಲಿ ಕುದಿದದ್ದು ಯಾಕೆ? ಟಾರ್ಚ್ ಹಾಕಿ ನೋಡಿದರೆ ರೇಡಿಯೇಟರಿನ ಎಸಳುಗಳ ಸಂದಿಯೆಲ್ಲ ಕೆಂಪುಧೂಳು, ಹುಲ್ಲಿನ ಬೀಜ, ಸತ್ತ ಹುಳಗಳು. ಗಾಳಿ ಹೋಗಲು ಜಾಗವೇ ಇಲ್ಲ. ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆದೆವು. ಎಸಳು ಮೆತ್ತಗಿನದ್ದು, ಜೋರು ಪಂಪಿನ ನೀರು ಬಿಟ್ಟರೆ ಬಾಗುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಥರ್ಮೋಸ್ಟ್ಯಾಟ್ ಹಾಕಿದೆವು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಇಳಿಸಿದ ಕೂಲಂಟನ್ನು ಅಂಗಳದಲ್ಲಿ ಇಡಬೇಡಿ. ಅದು ಸಿಹಿ, ನಾಯಿ ಕರು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಒಟ್ಟು ಖರ್ಚಾದದ್ದು ಗ್ಯಾಸ್ಕೆಟಿನ ಕಾಗದಕ್ಕೆ ಮಾತ್ರ.

ಏರ್ ಫಿಲ್ಟರಿನ ವಿಷಯಕ್ಕೆ ಬಂದರೆ, ಅದನ್ನು ತೆಗೆದು ಮಣ್ಣಿನ ರಸ್ತೆಯಲ್ಲಿ ಓಡಿಸುವುದೆಂದರೆ ಸಿಲಿಂಡರಿಗೆ ಮರಳುಕಾಗದ ಉಜ್ಜಿದ ಹಾಗೆ. ಬೇಸಿಗೆಯಲ್ಲಿ ಆಗಾಗ ಬಿಚ್ಚಿ ಮೆಲ್ಲಗೆ ಕುಟ್ಟಿ ಧೂಳು ಕೊಡವಿ, ಹರಿದಿದ್ದರೆ ಬದಲಿಸಿ. ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿ ಮೈಲೇಜ್ ಹೆಚ್ಚಿಸುವವರೂ ಇದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿದೆ. ಬಹುಪಾಲಿನವುಗಳಿಂದ ಏನೂ ಲಾಭ ಕಂಡಿಲ್ಲ.

ಅದರ ಬದಲು ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿಗೆ ಜಾಗ್ರತೆಯಿಂದ ಕೈಹಿಂಬದಿ ಹಿಡಿದು ನೋಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ ಲೆಕ್ಕ. ನೀವು ಎಂಜಿನ್ ಸೋತಿದೆ ಅಂದುಕೊಂಡದ್ದು ಅದೇ ಇರಬಹುದು. ಟೈರಿಗೆ ಗಾಳಿ, ಮಾಡಿನ ಮೇಲಿನ ಖಾಲಿ ಕ್ಯಾರಿಯರ್, ಇವನ್ನು ಎಲ್ಲರೂ ಹೇಳ್ತಾರೆ, ಮಾಡುವವರು ಕಡಿಮೆ.

ಇದೇ ತಪ್ಪನ್ನು ನಾವು ತೋಟದಲ್ಲೂ ಮಾಡ್ತೇವೆ. ಡೀಸೆಲ್ ಪಂಪಿಗೆ ಕೆರೆಯ ತಣ್ಣೀರನ್ನೇ ಪೂರ್ತಿ ಜೋರಿನಲ್ಲಿ ಹಾಯಿಸಿ, ಹೊರಬರುವ ನೀರು ಸ್ನಾನಕ್ಕೂ ತಣ್ಣಗಿದ್ದರೆ ಎಂಜಿನಿಗೆ ಸುಖ ಅಂದುಕೊಳ್ತೇವೆ. ಅಲ್ಲಿಯೂ ಹೆಚ್ಚು ಡೀಸೆಲ್, ಹೆಚ್ಚು ಸವೆತ. ಆ ಸಣ್ಣ ಪೈಪಿನ ಗೇಟ್‌ವಾಲ್ವನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ, ಹೊರಬರುವ ನೀರಿಗೆ ಕೈ ಹೆಚ್ಚು ಹೊತ್ತು ಹಿಡಿಯಲಾಗದಷ್ಟು ಬಿಸಿ ಬರುವಂತೆ ಮಾಡಿದ್ದೇನೆ. ಪೂರ್ತಿ ಮುಚ್ಚಬಾರದು, ಆವಿ ಬರಬಾರದು.

ಓಮ್ನಿಯ ಮುಳ್ಳು ಈಗ ನಡುವಿನ ಹತ್ತಿರ ನಿಲ್ಲುತ್ತದೆ. ಪುಸ್ತಕದಲ್ಲಿ ಕಳೆದ ನಾಲ್ಕು ಟ್ಯಾಂಕಿನ ಲೆಕ್ಕ ಹದಿಮೂರರ ಆಸುಪಾಸು. ಅದೇ ವರ್ಕ್‌ಶಾಪಿಗೆ ಬೇರೆ ಕೆಲಸಕ್ಕೆ ಹೋದಾಗ ಹುಡುಗ ಸೀಟು ಎತ್ತಿ ನೋಡಿ ಕೇಳಿದ, "ಇದನ್ನು ಪುನಃ ಹಾಕಿದ್ದು ಯಾರು ಮಾರಾಯ್ರೇ, ತೆಗೀಬೇಕಾ?"