ನಾ. ಡಿಸೋಜ ಅವರ ಪುಸ್ತಕ ನಮಗೆ ಯಾಕೆ ಬೇಕು?

 

ಲಿಂಗನಮಕ್ಕಿ ಡ್ಯಾಮಿನ ಬಗ್ಗೆ ಕೇಳಿದರೆ ನಾವೆಲ್ಲ ಥಟ್ಟನೆ ಉತ್ತರ ಹೇಳ್ತೇವೆ. ನದಿ ಶರಾವತಿ. ಕಟ್ಟಿ ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದರೆ 1819 ಅಡಿ. ಉಪಯೋಗ ವಿದ್ಯುತ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ನೀರಿನ ಅಡಿಯಲ್ಲಿ ಯಾರ ಮನೆ ಇತ್ತು, ಆ ಮನೆಯ ಮಕ್ಕಳು ಎಲ್ಲಿಗೆ ಹೋದರು ಅಂತ ಕೇಳಿದರೆ ಎಲ್ಲರೂ ಸುಮ್ಮನೆ ಕೂರ್ತೇವೆ.

ನೀರು ಬಂದಾಗ ನನ್ನ ಅಜ್ಜಿಗೆ ಒಂಬತ್ತು ವರ್ಷ. ಪಾತ್ರೆ, ಭತ್ತದ ಮೂಟೆ, ಮಕ್ಕಳು ಎಲ್ಲವನ್ನೂ ಒಂದೇ ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರಂತೆ. ಆಮೇಲೆ ಮದುವೆಯಾಗಿ ಅಜ್ಜಿ ಮತ್ತೆ ಈ ಕಡೆಗೇ ಬಂದಳು. "ಅಲ್ಲಿ ನಮಗೆ ಹೆಸರೇ ಇರ್ಲಿಲ್ಲ ಮಗಾ, ಮುಳುಗಡೆಯವರು ಅಂತಲೇ ಕರೀತಿದ್ರು. ಶಾಲೆ ಅಲ್ಲಿಗೇ ಮುಗೀತು" ಅಂತ ಈಗಲೂ ಹೇಳ್ತಾಳೆ. ಬೇಸಿಗೆಯಲ್ಲಿ ನೀರು ಇಳಿದು ಮಡೆನೂರಿನ ಹಳೇ ಡ್ಯಾಮು ಕಾಣಿಸಿದಾಗ ನಾವು ಫೋಟೋ ತೆಗೀಲಿಕ್ಕೆ ಹೋಗ್ತೇವೆ. ಅಜ್ಜಿ ಮಾತ್ರ ಬರೋದಿಲ್ಲ.

ಈ ಕಥೆಯನ್ನು ಬರೆದವರು ನಮ್ಮ ಸಾಗರದವರೇ ಆದ ನಾ. ಡಿಸೋಜ. ಹುಟ್ಟಿದ್ದು 1937ರಲ್ಲಿ. ತಂದೆ ಶಾಲೆಯ ಮೇಷ್ಟ್ರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಕೆಲಸ ಲೋಕೋಪಯೋಗಿ ಇಲಾಖೆಯಲ್ಲಿ. ಶರಾವತಿ ಯೋಜನೆಯಲ್ಲೂ ಇದ್ದರು. ಹಾಗಾಗಿ ಡ್ಯಾಮು ಕಟ್ಟುವವರನ್ನೂ ನೋಡಿದರು, ಮನೆ ಬಿಡುವವರನ್ನೂ ನೋಡಿದರು. ದೊಡ್ಡವರಿಗಾಗಿ 'ಮುಳುಗಡೆ', 'ದ್ವೀಪ' ಕಾದಂಬರಿ ಬರೆದರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣ ಕಮಲವೂ ಬಂತು.

ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವರು ಮುಳುಗಡೆಯನ್ನು ಮಕ್ಕಳಿಗಾಗಿಯೂ ಬರೆದರು. 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ದೆಹಲಿಯವರೆಗೆ ಹೋದ ಆ ಪುಸ್ತಕ ನಮ್ಮ ಶಾಲೆಯ ಬೀರುವಿನಲ್ಲಿ ಇಲ್ಲ. ನಾನು ಹುಡುಕಿದೆ. ನರಿ, ದ್ರಾಕ್ಷಿ, ರಾಜಕುಮಾರಿ ಎಲ್ಲ ಇದ್ದಾರೆ. ನಮ್ಮ ಊರು ಮಾತ್ರ ಇಲ್ಲ.

ಗೆಳೆಯನೊಬ್ಬ ಕೇಳಿದ, "ಮಕ್ಕಳ ಪುಸ್ತಕ ಓದಲಿಕ್ಕೆ ನಾವೇನು ಒಂದನೇ ಕ್ಲಾಸಾ? ಎಸ್ಸೆಸ್ಸೆಲ್ಸಿಗೆ ಬರ್ತದಾ ಅದು?" ಬರೋದಿಲ್ಲ, ನಿಜ. ಆದರೆ ಮಕ್ಕಳ ಪುಸ್ತಕ ಅಂದರೆ ಸಣ್ಣ ಪುಸ್ತಕ ಅಂತ ಯಾರು ಹೇಳಿದ್ದು? ಮಕ್ಕಳಿಗಾಗಿ ಬರೆದ ಅದೇ ಡಿಸೋಜರು 2014ರಲ್ಲಿ ಮಡಿಕೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಲಾರಿ ಹತ್ತಿದವರಲ್ಲಿ ಅರ್ಧ ಜನ ಮಕ್ಕಳೇ ಇದ್ದಿರಬಹುದು. ಮಕ್ಕಳಿಗೆ ಆದ ನೋವನ್ನು ಮಕ್ಕಳಿಗೆ ಹೇಳಬಾರದು ಅಂದರೆ ಅದ್ಯಾವ ನ್ಯಾಯ?

ಡ್ಯಾಮು ಕಟ್ಟಿದ್ದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಇದನ್ನು ಬರೀತಾ ಇರೋದೂ ಕರೆಂಟ್ ದೀಪದ ಬೆಳಕಿನಲ್ಲೇ. ಆದರೆ ಬೆಳಕಿಗೆ ಬೆಲೆ ಕೊಟ್ಟವರು ಯಾರು ಅಂತ ಗೊತ್ತಿರಬೇಕು. 60 ವರ್ಷ ಕಳೆದರೂ ಎಷ್ಟೋ ಮುಳುಗಡೆ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ.

ನಾ. ಡಿಸೋಜ 2025ರ ಜನವರಿ 5ರಂದು ತೀರಿಕೊಂಡರು. ಅವರಿಗೆ ಹಾರ ಹಾಕಿದರೆ ಸಾಲದು. ಗುರುಗಳಲ್ಲಿ ನನ್ನ ವಿನಂತಿ ಎರಡೇ. ಒಂದು, ಆ ಪುಸ್ತಕ ತರಿಸಿ, ವಾರಕ್ಕೊಂದು ಪಿರಿಯಡ್ ಎಲ್ಲರೂ ಸೇರಿ ಓದುವ ಹಾಗೆ ಮಾಡಿ. ಇನ್ನೊಂದು, ಮುಂದಿನ ಗೋಡೆ ಪತ್ರಿಕೆಗೆ ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ ಮುಳುಗಿದ ಒಂದು ಊರಿನ ಹೆಸರು ಬರೆದು ತರಲಿ. ನಾನು ಅಜ್ಜಿಯ ಊರಿನ ಹೆಸರು ತರ್ತೇನೆ. ಅವಳೂ ಇಲ್ಲದ ಮೇಲೆ ಕೇಳಲಿಕ್ಕೆ ಯಾರಿರ್ತಾರೆ?

ತಪ್ಪಿದ್ದರೆ ಕ್ಷಮೆ ಇರಲಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ